ಜೋಡು ಹೊಲಿಗಿ

ಒಡಪು ಕಟ್ಟದ ಗಂಡನ ಹೆಸರು ಹೇಳಬಾರದಂತ. ಕೇಳ್ರಿ:
ಗೊಬ್ಬರದ ಚೀಲ ಹನ್ನೆರಡು, ಹೊಲಿದ ದಾರ ನೀಲಿ,
ಗಾಳೆಪ್ಪ ನನ್ನ ಗಂಡ, ಅವಗ ಆಗಿಬರಂಗಿಲ್ಲ ಗಾಳಿ.

ನಗಬ್ಯಾಡ್ರಿ.
ಅಂಬಿಗರ ಮನ್ಯಾಗ ಹುಟ್ಟಿ
ಹುಟ್ಟು ಬಿಟ್ಟು ಸೂಜಿ ಹಿಡಿದಾತ ಅಂವ.
ಮುನಿರಾಬಾದಿನ ಟೇಸನ್ ರೋಡಿನಾಗ
ಜಂಪರಿಗೆ ನೂರೈವತ್ತು, ಫಾಲಿಗೆ ಅರವತ್ತು,
ಮುಂಜಾನಿಂದ ಸಂಜೀತನಕ ಪೆಡಲ್ ತುಳೀತಾನ.
ಎಷ್ಟು ತುಳಿದರೂ ಇದ್ದಲ್ಲೇ ಇರೋ ಸವಾರಿ.
ಅದ ಅವಗ ಹಿತ.

ನನಗ,
ದೀಪಾವಳಿ ದಾಟಿ ಡ್ಯಾಮಿನ ಹಿನ್ನೀರಿಗೆ
ಮೂಡಗಾಳಿ ಇಳೀತಂದ್ರ
ಮೀನು ಬೀಳಲಿ ಬಿಡಲಿ
ಅಂಗಾಲು ತುರಸ್ತಾವ.

ಹಾಯಿ ಹೊಲಕೊಡು ಅಂದೆ.
ಯಾರಿಗೆ ಅಂದ.
ಹರಗೋಲಿಗೆ.
ಗುಂಡನ್ನ ಬುಟ್ಟಿಗೆ ಹಾಯಿ ಕಟ್ಟಿದರ
ಬುಗುರಿ ಆದೀತಲ್ಲ ಮಾರಾಯ್ತಿ.
ಹಿಂದ ಹುಟ್ಟು ಒತ್ತಿ ಹಿಡಿದರ ತಿರುಗಂಗಿಲ್ಲ,
ನಮ್ಮ ಮಾವ ಹಂಗ ಮಾಡತಿದ್ದ, ನೀನು ಹೊಲಿ.
ಟೇಪು ಕೊರಳಿಗೆ ಹಾಕ್ಕೊಂಡು
ಹುಬ್ಬು ಮ್ಯಾಲ ಮಾಡಿ ಕೇಳಿದ:
ಗಾಳೀದು ಅಳತಿ ಹೇಳು. ಎದಿ ಎಷ್ಟು, ನಡ ಎಷ್ಟು?
ನಾನಂದೆ, ಸಡಿಲ ಇರಲಿ,
ಊಟ ಮಾಡಿದ ಮ್ಯಾಲ ಉಬ್ಬತೈತಿ.

ಒಂದ ಸಲ ಹತ್ತಿದ.
ಅಮಾಸಿ, ಅಂಗಡಿ ಬಂದ್.
ದಂಡಿಮ್ಯಾಲ ಜೋಡು ಬಿಟ್ಟು
ಗುಡಿ ಹೊಕ್ಕಂಗ ಕಾಲು ಝಾಡಿಸಿ ಹತ್ತಿದ,
ನಟ್ಟನಡುವ ಕುಂತ,
ಸಂತಿಗೆ ಒಯ್ಯೋ ಬುಟ್ಟ್ಯಾಗಿನ ಕೋಳಿ.

ಹಾಯಿ ಬಿಚ್ಚಿದೆ.
ಚೀಲದ ಮ್ಯಾಲಿನ ಅಕ್ಷರ ಎಲ್ಲ
ಒಮ್ಮಿಗೇ ಹೊಟ್ಟಿ ಮುಂದ ಮಾಡಿ ನಿಂತವು.
ಟಾರು ಬಳಿದ ತಳಕ್ಕ ನೀರು ಪಟಪಟ ಪಟಪಟ,
ಸೆರಗು ನನ್ನ ಮಾತು ಕೇಳಲಿಲ್ಲ,
ಕೂಗಬೇಕನಿಸಿತು, ಕೂಗಿದೆ.
ಎರಡು ನೀರುಕಾಗಿ ಎದ್ದು ಬೈಕೊಂತ ಹಾರಿದವು.

ಇಳಸು ಅಂದ.
ಎಲ್ಲಿ ಇಳಸಲಿ?
ಹಾಯಿ, ಹಾಯಿ ಇಳಸು.
ಮುಳುಗಾಕ ಮಳ ನೀರು ಸಾಕು,
ಇಲ್ಲಿ ಎಷ್ಟಿದ್ದರೇನು, ಕುಂದ್ರು ಸುಮ್ಮ, ಅಂದೆ.
ನನ್ನ ನಾಲಿಗಿಗೂ ಗಾಳಿ ಹೊಕ್ಕಿತ್ತು.

ಆಗ ಅಂವ ಮೆಲ್ಲಗ,
ಕೆಳಗ ಮನಿ ಐತಿ, ಅಂದ.
ನಮ್ಮ ಆಯಿ ಮನಿ.
ಅಂಗಳದಾಗ ಹುಣಸಿ ಗಿಡ,
ಗಿಡದ ಎಡಕ್ಕ ಹಗೇವು.
ನೀರು ಬಂದಾಗ ಜೋಳ ತಗೀಲಿಲ್ಲಂತ,
ಮುಂದಿನ ಸುಗ್ಗಿಗೆ ಬಂದು ತಗದರಾತು ಅಂತ
ಬಾಯಿ ಮುಚ್ಚಿ, ಸಾರಿಸಿ, ರಂಗೋಲಿ ಇಟ್ಟು ಬಂದಳಂತ.
ಮಾಳಿಗಿ ಮ್ಯಾಲ ಹೊಂಟೀವೇನೋ,
ದೇವರ ಜಗಲಿ ಮ್ಯಾಲ ಹೊಂಟೀವೇನೋ,
ಹೆಂಗ ಗೊತ್ತಾಗಬೇಕು?

ಅರ್ಧ ಖರೆ ಇದ್ದೀತು.
ಅರ್ಧ, ಅಂಜಿಕಿ ಬರಿ ಮೈಲೆ ಹೊರಗ ಬರಬಾರದಂತ
ಅವಸರದಾಗ ಹೊಲಿದ ಅಂಗಿ.
ದರ್ಜಿ ಅಲ್ಲೇನು, ಅಳತಿ ಬರತೈತಿ ಅವಗ.

ಹಾಯಿ ಇಳಿಸಿದೆ. ಆದರ
ಕೇಳಿದ ಕೂಡಲೆ ಇಳಿಸಲಿಲ್ಲ, ಸುಳ್ಳು ಯಾಕ ಹೇಳಲಿ?
ಇನ್ನೊಂದು ಬೀಸು ಬರಲಿ ಅಂತ ಕಾದೆ,
ಅದು ಬಂತು, ಅದರ ಬೆನ್ನಿಗೆ ಇನ್ನೊಂದೂ ಬಂತು,
ಎರಡೂ ಉಂಡು
ಆಮ್ಯಾಲ ಇಳಿಸಿದೆ.

ಹೋಗೂದು ಗಾಳಿ, ಬರೂದು ತೋಳು.
ದಂಡಿ ಮುಟ್ಟೋತನಕ ಮಾತಿಲ್ಲ.
ಎಡದ ಜೋಡು ಬಲಕ್ಕ ಮೆಟ್ಟಿಕೊಂಡು
ಹಾಯಿ ಸುತ್ತಿ ಬಗಲಾಗ ಹಿಡಕೊಂಡು ನಡದ.
ಸುಟ್ಟು ಹಾಕತಾನ ಅಂದಕೊಂಡೆ.

ಮರುದಿನ ಬುತ್ತಿ ಒಯ್ದರ
ಮಷೀನಿನ ತುಂಬ ನನ್ನ ಹಾಯಿ.
ಮೂರನೇ ಚೀಲದ್ದು ಬಿಚ್ಚತಿತ್ತು, ಅಂದ,
ತಲಿ ಎತ್ತಲಿಲ್ಲ.
ಹಂಗಾರ ಅಷ್ಟೂ ಹೊತ್ತು ಅಂವ
ನೀರು ನೋಡಲಿಲ್ಲ, ಆಯಿ ಮನಿ ನೋಡಲಿಲ್ಲ,
ಕೂಗತಿದ್ದ ನನ್ನನ್ನೂ ನೋಡಲಿಲ್ಲ,
ಹೊಲಿಗಿ ನೋಡತಿದ್ದ.
ಜೋಡು ಹೊಲಿಗಿ ಹಾಕೀನಿ, ಇನ್ನ ಜಗ್ಗಂಗಿಲ್ಲ.
ಬುತ್ತಿ ಬಿಚ್ಚು, ಹಸಿವಾಗೇತಿ.

ಆಮ್ಯಾಲ ಅಂವ ಹತ್ತಲಿಲ್ಲ,
ಹತ್ತು ಅಂತ ನಾನೂ ಅನ್ನಲಿಲ್ಲ.
ಅಮಾಸಿಗೆ ದಂಡಿತನಕ ಬರತಾನ,
ಕಲ್ಲಿನ ಮ್ಯಾಲ ಕುಂತು ಯಾರದೋ ಜಂಪರಿಗೆ ಹುಕ್ ಹಚ್ಚತಾನ.
ಬಾಜೂಕ ನನ್ನ ಜೋಡು.
ಯಾವಾಗಿಂದ ಬಿಟ್ಟು ಹತ್ತಾಕ ಹತ್ತೀನೋ
ನನಗೂ ನೆನಪಿಲ್ಲ.

ಸಾಕ್ರಿ,
ಗಾಳಿ ಎದ್ದಿತು.